ರಸ್ತೆ ಹಗಲ ಮಾಡಿ

“ನಾನು ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ ಅತ್ತಿಗೆ, ಏಣಿ ಮೇಲೆ. ನಮ್ಮ ಮೇಷ್ಟ್ರು ಅಂದ್ರೆ ಬೋರ್ಡ್ ಬರೆಯೋ ಮೇಷ್ಟ್ರು, ಅವರು ಚೀಟಿಯಲ್ಲಿ ಬರೆದುಕೊಡೋರು, ನಾನು ಅದನ್ನ ನೋಡ್ಕೊಂಡು ಗೋಡೆ ಮೇಲೆ ದೊಡ್ಡದು ಮಾಡೋದು. ಅಕ್ಷರ ಅಂದ್ರೆ ನನಗಾಗ ಬರೀ ಚಿತ್ರ. ಕೊಂಬು ಎಲ್ಲಿ ಬರುತ್ತೆ, ಬಾಲ ಎಲ್ಲಿ ತಿರುಗುತ್ತೆ, ಅಷ್ಟೇ. ಏನು ಬರೆದೆ ಅಂತ ಯಾರಾದ್ರೂ ಕೇಳಿದ್ರೆ, ಚೀಟಿ ಕೊಟ್ಟೋರನ್ನ ಕೇಳಿ ಅಂತಿದ್ದೆ. ಒಂದು ಸಲ ಏನಾಯ್ತು, ಮೇಷ್ಟ್ರಿಗೆ ಜ್ವರ. ಹಣ್ಣಿನ ಅಂಗಡಿಯೋನು ಬಂದು ಬಾಯಲ್ಲಿ ಹೇಳಿ ಹೋದ. ನಾನೇ ಬರೆದುಬಿಟ್ಟೆ. ಕೆಂಪು ಅಕ್ಷರ, ಅದಕ್ಕೆ ಹಳದಿ ನೆರಳು, ಮೂಲೆಯಲ್ಲಿ ಒಂದು ಗೊಂಚಲು ದ್ರಾಕ್ಷಿ ಬೇರೆ. ಅಷ್ಟು ಚೆಂದದ ಬೋರ್ಡು ಮತ್ತೆ ನನ್ನ ಕೈಯಿಂದ ಬಂದಿಲ್ಲ. ಮೇಷ್ಟ್ರು ಜ್ವರ ಬಿಟ್ಟು ಎದ್ದು ಬಂದು ನೋಡ್ತಾರೆ, ‘ಅಣ್ಣಿನ ಅಂಗಡಿ’ ಅಂತಿದೆ. ‘ಏನೋ, ಹಣ್ಣು ಮಾರೋನು ನಿನಗೆ ಅಣ್ಣ ಆಗಬೇಕೇನೋ?’ ಅಂದ್ರು. ಊರೆಲ್ಲ ಆ ಅಂಗಡಿಗೆ ಹೋಗಿ ‘ಅಣ್ಣ ಇದ್ದಾನಾ, ಅಣ್ಣನ್ನ ತೂಕ ಹಾಕು’ ಅಂತ ಕೇಳಿ ನಕ್ಕಿದ್ದೇ ನಕ್ಕಿದ್ದು. ಆವತ್ತು ಮೇಷ್ಟ್ರು ನನ್ನ ಕೈಯಲ್ಲಿ ಗೋಡೆ ತುಂಬ ಬರೀ ಹ ಬರೆಸಿದ್ರು. ಬರೆಯೋದು, ಸುಣ್ಣ ಹೊಡೆಯೋದು, ಮತ್ತೆ ಬರೆಯೋದು. ನಮ್ಮ ಜನರ ಬಾಯಲ್ಲಿ ಹ ಎಲ್ಲಿದೆ ಹೇಳಿ? ನಾಲಿಗೆಗೇ ಬರದೇ ಇದ್ದದ್ದು ಕೈಗೆ ಹೇಗೆ ಬರಬೇಕು? ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಎಲ್ಲಿ ಅನುಮಾನ ಬರುತ್ತೋ ಅಲ್ಲಿ ಹ ಹಾಕಿಬಿಡೋದು. ಹೆಚ್ಚಾದ್ರೆ ನಗ್ತಾರೆ, ಕಮ್ಮಿಯಾದ್ರೆ ಹೊಡೀತಾರೆ.”

ಇದು ನನ್ನ ಮೈದುನನ ಮಾತು. ಅವನ ಬಾಯಲ್ಲಿ ಇದೆಲ್ಲ ‘ಅಣ್ಣು’, ‘ಅಳದಿ’, ‘ಒಡೀತಾರೆ’ ಎಂದೇ ಬರುತ್ತದೆ. ಓದುವವರಿಗೆ ತೊಡಕಾಗಬಾರದೆಂದು ಹ ಇರಬೇಕಾದ ಕಡೆ ಇಟ್ಟು ಬರೆದಿದ್ದೇನೆ.

ಊರಿನವರಿಗೆ ಅವನು ಬೋರ್ಡಣ್ಣ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿನ್ನೂ ಮೇಷ್ಟ್ರ ಏಣಿ ಹೊತ್ತು ತಿರುಗುತ್ತಿದ್ದ. ಉಗುರಿನ ಸಂದಿಯಲ್ಲಿ ಯಾವ ಬಣ್ಣ ಇದೆ ಎಂದು ನೋಡಿ, ಆ ದಿನ ಯಾವ ಅಂಗಡಿಯ ಕೆಲಸವೆಂದು ಹೇಳಬಹುದಿತ್ತು. ಹಸಿರಾದರೆ ಔಷಧಿ ಅಂಗಡಿ, ನೀಲಿಯಾದರೆ ಲಾಂಡ್ರಿ. ಮೇಷ್ಟ್ರು ಹೋದ ಮೇಲೆ ಅವರ ಏಣಿ ಇವನದಾಯಿತು. ಆಮೇಲೆ ಎಷ್ಟೋ ವರ್ಷ ಈ ಊರಿನಲ್ಲಿ ತಲೆ ಎತ್ತಿ ನೋಡಿದ ಕಡೆಯೆಲ್ಲ ಅವನ ಅಕ್ಷರವೇ ಇತ್ತು. ಫ್ಲೆಕ್ಸ್ ಬಂತು ನೋಡಿ, ಎಲ್ಲ ಒಂದೊಂದಾಗಿ ಇಳಿದವು. “ಅದರಲ್ಲಿ ಮುಖ ಬರುತ್ತೆ ಅತ್ತಿಗೆ, ಕೈ ಬರಲ್ಲ” ಎನ್ನುತ್ತಿದ್ದ. ಗಾಡಿಗಳ ನಂಬರು, ‘ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ’ ಎನ್ನುವ ತಗಡು, ‘ಬಾಡಿಗೆಗೆ ಇದೆ’, ಇಂಥವೇ ಉಳಿದವು.

ಅವನ ಬಣ್ಣದ ಕೋಣೆ ಇರುವುದು ದೊಡ್ಡ ರಸ್ತೆಯ ಬದಿಗೆ, ನಾಲ್ಕು ರಸ್ತೆ ಕೂಡುವಲ್ಲಿ ಶುರುವಾಗುವ ತಗಡಿನ ಸಾಲಿನಲ್ಲಿ. ಮೊದಲು ಸೈಕಲ್ ರಿಪೇರಿಯವನು, ಆಮೇಲೆ ಟೈಲರಮ್ಮ, ಆಮೇಲೆ ಇವನು, ಇವನಾಚೆ ಇನ್ನೂ ಕೆಲವರು. ಕೋಣೆಯ ಹಿಂಬಾಗಿಲು ತೆರೆದರೆ ನಮ್ಮ ಮನೆಯ ಅಂಗಳ. ಟರ್ಪೆಂಟೈನ್ ವಾಸನೆ ನಮ್ಮ ಅನ್ನಕ್ಕೂ ಹತ್ತಿಕೊಂಡಿದೆ. ಈ ಸಾಲು ಬಿದ್ದರೆ ಅವನಿಗೆ ಇನ್ನೊಂದು ಜಾಗವಿಲ್ಲ. ಕೆಲಸ ಕಡಿಮೆಯಾದ ವಯಸ್ಸಾದವನಿಗೆ, ಅದೂ ಗೋಡೆ ನೆಲ ಎಲ್ಲ ಬಣ್ಣ ಮಾಡುವವನಿಗೆ, ಬಾಡಿಗೆಗೆ ಕೋಣೆ ಕೊಡುವವರು ಯಾರು?

ಅಂಥ ಕೋಣೆಗೆ ಒಂದು ಬೆಳಿಗ್ಗೆ ಗುತ್ತಿಗೆದಾರರ ಸಂಘದ ಕಾರ್ಯದರ್ಶಿ ಬಂದ. ರಸ್ತೆ, ಸೇತುವೆ, ಚರಂಡಿ ಎಂದು ಸರ್ಕಾರದ ಕಾಮಗಾರಿ ಮಾಡುವವರೆಲ್ಲ ಸೇರಿ ಕಟ್ಟಿಕೊಂಡ ಸಂಘ ಅದು. ಕಾರನ್ನು ತಿರುವಿನಾಚೆ ನಿಲ್ಲಿಸಿ ನಡೆದು ಬಂದ. ನಾನು ಹಿಂಬಾಗಿಲಲ್ಲಿ ಮೊರ ಇಟ್ಟುಕೊಂಡು ಬೇಳೆ ಆರಿಸುತ್ತಿದ್ದೆ. ಅವನು ಕೂರಲು ಏನಿದೆ ಎಂದು ನೋಡಿ, ಖಾಲಿ ಬಣ್ಣದ ಡಬ್ಬವನ್ನು ಬೋರಲು ಹಾಕಿ ಅದರ ಮೇಲೇ ಕೂತ.

“ಬೋರ್ಡಣ್ಣ, ನಿಮ್ಮ ಕೈಯ ಕೆಲಸ ನೋಡ್ತಾನೇ ಬೆಳೆದವನು ನಾನು” ಎಂದ. ಬೆಣ್ಣೆಯ ಮೊದಲ ಪದರ ಅದು. “ನಮ್ಮೂರ ರಸ್ತೆ ಅಗಲ ಆಗಬೇಕು, ಮೇಲ್ಸೇತುವೆ ಬರಬೇಕು ಅಂತ ಬೇರೆ ಬೇರೆ ಬಡಾವಣೆ ಜನ ಕೇಳ್ತಿದ್ದಾರೆ. ಪಾಪ, ಅವರಿಗೆ ಬರೆಯೋಕೆ ಬರಲ್ಲ. ಕೈಯಲ್ಲಿ ಹಿಡ್ಕೊಳ್ಳೋಕೆ ಫಲಕ ಬೇಕು. ನೀವು ಬರೆದುಕೊಡಬೇಕು.”

“ಫ್ಲೆಕ್ಸ್ ಮಾಡಿಸಬಹುದಲ್ಲ ಸಾರ್, ಬೇಗ ಆಗುತ್ತೆ” ಎಂದ ಮೈದುನ. ಬಂದ ಕೆಲಸವನ್ನು ತಾನೇ ಹಿಂದಕ್ಕೆ ತಳ್ಳುವ ಬುದ್ಧಿ ಅವನದು.

“ಫ್ಲೆಕ್ಸ್ ಆದ್ರೆ ಯಾರೋ ದುಡ್ಡಿರೋರು ಮಾಡಿಸಿದ್ದು ಅನ್ನಿಸುತ್ತೆ. ಕೈಬರಹ ಆದ್ರೆ ಜನರದ್ದು ಅನ್ನಿಸುತ್ತೆ. ರಾಜಧಾನಿಯಿಂದ ಸಮಿತಿ ಬರ್ತಿದೆ. ಎಲ್ಲಿ ಜನ ಕೇಳ್ತಾರೋ ಆ ಊರಿಗೆ ಈ ಸಲದ ಅನುದಾನ. ನಾವು ಗುತ್ತಿಗೆದಾರರು ಕೇಳಿದ್ರೆ ಆಸೆ ಅಂತಾರೆ. ಅದನ್ನೇ ಜನ ಕೇಳಿದ್ರೆ ಬೇಡಿಕೆ ಅಂತಾರೆ.” ಹೀಗೆಂದು ನಕ್ಕ. ನಗು ಮುಗಿಯುವಾಗ ಕಣ್ಣು ನನ್ನ ಕಡೆ ಬಂತು. ಅಲ್ಲಿಂದ ಮುಂದೆ ದನಿ ತಗ್ಗಿಸಿದ.

ದನಿ ತಗ್ಗಿದರೆ ನನ್ನ ಕಿವಿ ಇನ್ನೂ ಚುರುಕಾಗುತ್ತದೆ. ಎಲ್ಲ ಫಲಕದಲ್ಲೂ ಒಂದೇ ಮಾತಿರಬೇಕಂತೆ. ಆದರೆ ಒಂದೊಂದೂ ಬೇರೆ ಬೇರೆ ಮನೆಯವರು ಬರೆದ ಹಾಗೆ ಕಾಣಬೇಕಂತೆ. ಒಣಗಿಸುವಾಗ ಮುಖವನ್ನು ಗೋಡೆಗೆ ಮಾಡಿ ಇಡಬೇಕಂತೆ, ಯಾರೂ ಓದಬಾರದಂತೆ. ಕೆಲಸ ಚೆನ್ನಾಗಿ ಆದರೆ ಮುಂದೆ ಸೇತುವೆ ಕಟ್ಟುವಾಗ ‘ಕಾಮಗಾರಿ ಪ್ರಗತಿಯಲ್ಲಿದೆ’, ‘ನಿಧಾನವಾಗಿ ಚಲಿಸಿ’ ಎಂಬ ಎಲ್ಲ ಬೋರ್ಡೂ ಬೋರ್ಡಣ್ಣನದೇ ಅಂತೆ.

“ಚೀಟಿ ಕೊಡಿ ಸಾರ್” ಎಂದ ಮೈದುನ.

“ಚೀಟಿ ಯಾಕೆ? ಮೂರೇ ಪದ. ‘ರಸ್ತೆ ಅಗಲ ಮಾಡಿ’, ಅಷ್ಟೇ.”

ಈ ಊರಿನಲ್ಲಿ ಹುಟ್ಟಿ ಬೆಳೆದವನ ಬಾಯಲ್ಲಿ ಅಗಲವೂ ಹಗಲೂ ಒಂದೇ ಮನೆಯ ಮಕ್ಕಳು. ಕಾರ್ಯದರ್ಶಿಯೂ ಅಂಥವನೇ, ಷರ್ಟು ಮಾತ್ರ ಇಸ್ತ್ರಿಯದು. ಅವನು ಹೋದ ಮೇಲೆ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಸೊಂಟಕ್ಕೆ ಕೈಕೊಟ್ಟು ನಿಂತಳು.

“ಅಕ್ಕ, ಕಾರಿರೋ ಮನುಷ್ಯ ಡಬ್ಬದ ಮೇಲೆ ಕೂತ ಅಂದ್ರೆ ಏನೋ ಇದೆ.”

“ಚೀಟಿನೂ ಕೊಡಲಿಲ್ಲ” ಎಂದೆ ನಾನು.

“ನಿಮ್ಮಿಬ್ಬರಿಗೂ ಹಾಲಲ್ಲೂ ಕಪ್ಪೇ ಕಾಣುತ್ತೆ” ಎಂದು ಅವನು ಕುಂಚ ಹುಡುಕಲು ಹೋದ.

“ಯಾವ ರಸ್ತೆ ಅಂತ ಕೇಳಿದ್ರಾ?” ಎಂದಳು ಅವಳು.

“ಊರಾಚೆ ಲಾರಿ ಓಡಾಡೋ ರಸ್ತೆ ಇರಬೇಕು ಕಣೇ. ಅಲ್ಲೇ ತಾನೇ ದಿನಾ ಯಾವುದೋ ಒಂದು ಗಾಡಿ ಮಗುಚಿಕೊಳ್ಳೋದು?”

ಇರಬೇಕು ಎಂದುಕೊಂಡನೇ ಹೊರತು ಕೇಳಲಿಲ್ಲ.

ಬಹಳ ದಿನಗಳ ಮೇಲೆ ಅವನು ಖುಷಿಯಿಂದ ಕೆಲಸ ಮಾಡಿದ್ದು ಆಗಲೇ. ಒಂದು ಫಲಕವನ್ನು ಎಡಗೈಯಲ್ಲಿ ಬರೆದ, ಕೈ ನಡುಗುವ ಮುದುಕನ ಬರಹದಂತೆ ಕಾಣಲು. ಇನ್ನೊಂದನ್ನು ಶಾಲೆಗೆ ಹೋಗುವ ಮಗುವಿನ ದುಂಡು ಅಕ್ಷರದಲ್ಲಿ. ಮತ್ತೊಂದನ್ನು ಉಸಿರು ಬಿಗಿಹಿಡಿದು ಸರಸರನೆ ಗೀಚಿ, “ಇದು ಸಿಟ್ಟಿನ ಮನುಷ್ಯ ಅತ್ತಿಗೆ, ಇವನ ಮನೆ ಮುಂದೆ ಗುಂಡಿ ಇದೆ” ಎಂದ. ನಾನು ಬಾಗಿಲಿನಿಂದ ನೋಡುವಷ್ಟರಲ್ಲಿ ಫಲಕ ಗೋಡೆಗೆ ಮುಖ ಮಾಡಿರುತ್ತಿತ್ತು. ಕೋಣೆಯ ತುಂಬ ಶಿಕ್ಷೆಗೆ ನಿಲ್ಲಿಸಿದ ಮಕ್ಕಳಂತೆ ಬೆನ್ನು ತೋರಿಸಿ ನಿಂತ ಫಲಕಗಳು. ಒಂದು ದಿನ ಸಂಘದ ಆಳುಗಳು ಬಂದು ಅವನ್ನು ಹಾಗೇ ಎತ್ತಿ, ಟಾರ್ಪಾಲು ಮುಚ್ಚಿ ಕೊಂಡುಹೋದರು. ಬರೆದವನನ್ನು ಬಿಟ್ಟರೆ ಆ ಅಕ್ಷರವನ್ನು ಕಂಡವರು ಯಾರೂ ಇಲ್ಲ.

ಅದಾದ ವಾರದಲ್ಲೇ ನಮ್ಮ ಸಾಲಿನ ಗೋಡೆಗಳ ಮೇಲೆ ಕೆಂಪು ಗೆರೆಗಳು ಕಾಣಿಸಿಕೊಂಡವು. ಒಂದು ಬಾಣ, ಅದರ ಪಕ್ಕ ಒಂದು ಅಂಕಿ. ಸೈಕಲ್ಲಿನವನ ಕಂಬಕ್ಕೆ ಒಂದು, ಟೈಲರಮ್ಮನ ಕಟ್ಟೆಗೆ ಒಂದು, ಮೈದುನನ ಕದದ ಪಕ್ಕಕ್ಕೆ ಒಂದು. ಯಾರು ಹಾಕಿದರು, ಯಾವಾಗ ಹಾಕಿದರು, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಜನ ಬೇಗ ಹೆಸರು ಹಚ್ಚುತ್ತಾರೆ.

“ಬೋರ್ಡಣ್ಣ, ಈ ಕೆಂಪು ಎಲ್ಲೋ ನೋಡಿದ ಹಾಗಿದೆಯಲ್ಲ” ಎಂದ ಸೈಕಲ್ಲಿನವನು, ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾ.

“ಕೆಂಪು ಎಲ್ಲಾ ಕಡೆ ಒಂದೇ ಕಣಯ್ಯ.”

“ಹೌದಾ? ಮತ್ತೆ ಬೆಳಿಗ್ಗೆ ನಿನ್ನ ಕೈಯಲ್ಲಿ ಇದ್ದದ್ದೂ ಇದೇ ತಾನೇ? ಗೋಡೆ ಹತ್ತಿರ ಬಗ್ಗಿಕೊಂಡು ಏನು ಮಾಡ್ತಿದ್ದೆ?”

ಮೈದುನ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ನಿಜ ಇಷ್ಟೇ: ಬೆಳಿಗ್ಗೆ ಗುರುತನ್ನು ನೋಡಿ ಗಾಬರಿಯಾಗಿ, ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ ಅಳಿಸಲು ಹೋಗಿದ್ದ. ಅದು ಹೋಗದೆ ಕೈಗೆಲ್ಲ ಮೆತ್ತಿಕೊಂಡಿತ್ತು. ಸರ್ಕಾರದ ಗುರುತು ಅಳಿಸಿದ ಅಂತ ಯಾರಾದರೂ ಹಿಡಿದರೆ ಎಂದು ಹೆದರಿ ಬಾಯಿ ಬಿಡಲಿಲ್ಲ. ಹೆಂಡತಿ ಅವನ ಷರ್ಟಿನ ತೋಳು ತೋರಿಸಿ ನನಗೆ ಗುಟ್ಟಾಗಿ ಹೇಳಿದ್ದು ಇದು.

ಟಾರ್ಪಾಲು ಮುಚ್ಚಿದ ಗಾಡಿ ಇವನ ಬಾಗಿಲಿಗೆ ಬಂದು ಹೋದದ್ದನ್ನು ಟೈಲರಮ್ಮ ಮೊದಲೇ ನೋಡಿದ್ದಳು. ಅವಳ ಬೋರ್ಡನ್ನು ಇವನೇ ಬರೆದುಕೊಟ್ಟಿದ್ದ. ಅದಕ್ಕೆ ಅವಳು ಇವನ ಹರಿದ ಬಟ್ಟೆಯನ್ನು ಬಿಟ್ಟಿ ಹೊಲಿದುಕೊಡುವುದು ಮೊದಲಿನಿಂದ ನಡೆದು ಬಂದದ್ದು. ಆ ದಿನ ಇವನ ಷರ್ಟನ್ನು ಹೊಲಿಯದೆ ಹಾಗೇ ಮಡಚಿ ನನ್ನ ಕೈಗಿತ್ತಳು.

“ದಾರ ಮುಗಿದಿದೆ ಅಮ್ಮ.”

ಅವಳ ಹಿಂದೆ ಬಣ್ಣಬಣ್ಣದ ದಾರದ ಉಂಡೆಗಳು ಹಲಗೆ ತುಂಬ ಕೂತಿದ್ದವು.

“ಅಷ್ಟೊಂದು ಇದೆಯಲ್ಲಮ್ಮ?” ಎಂದೆ.

“ಅವು ನಮ್ಮವರಿಗೆ” ಎಂದಳು. ಮಷೀನಿನ ಪೆಡಲ್ ಒತ್ತಿದಳು. ಅದರ ಸದ್ದಿನಲ್ಲಿ ನನ್ನ ಮಾತು ಮುಳುಗಿತು.

ನಾನು ಷರ್ಟನ್ನು ತಂದು ಮೈದುನನ ಮುಂದೆ ಇಟ್ಟೆ. ಅವನು ಅದನ್ನು ತಿರುವಿ ನೋಡಿದ, ಹರಿದ ಜಾಗದೊಳಗೆ ಬೆರಳು ತೂರಿಸಿದ. ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಹೋದದ್ದು ಸಂಘದ ಕಚೇರಿಗೆ. ಬಂದು ಅಂಗಳದ ಕಟ್ಟೆಯ ಮೇಲೆ ಕೂತು ಹೇಳಿದ:

“ಅಲ್ಲಿ ಒಂದು ಗಾಜಿನ ಪೆಟ್ಟಿಗೆ ಇದೆ ಅತ್ತಿಗೆ. ಅದರೊಳಗೆ ನಮ್ಮ ನಾಲ್ಕು ರಸ್ತೆ. ಪುಟ್ಟ ಪುಟ್ಟ ಕಾರು, ಉಗುರಷ್ಟು ಜನ, ಮೇಲೆ ಬಿಲ್ಲಿನ ಹಾಗೆ ಸೇತುವೆ. ಬಲು ನಾಜೂಕು ಕೆಲಸ, ಮಾಡಿದೋನ ಕೈ ಒಳ್ಳೇದು. ದೀಪದ ಕಂಬಕ್ಕೂ ಬಣ್ಣ ಹಚ್ಚಿದ್ದಾರೆ. ನಮ್ಮ ಸಾಲು ಎಲ್ಲಿದೆ ಅಂತ ಹುಡುಕಿದೆ. ಅಲ್ಲಿ ಹಸಿರು ಸ್ಪಂಜು ಅಂಟಿಸಿದ್ದಾರೆ. ಹುಲ್ಲಂತೆ.”

“ಆ ಮನುಷ್ಯ ಏನಂದ?”

“ಇದು ಬರೀ ಮಾದರಿ, ನಿಜದಲ್ಲಿ ನೋಡ್ಕೊಳ್ಳೋಣ ಅಂದ. ಸೇತುವೆ ಕೆಳಗೆ ನಿಮಗೊಂದು ಅಂಗಡಿ ಕೊಡಿಸೋಣ ಅಂದ. ‘ಮತ್ತೆ ಪಕ್ಕದೋರಿಗೆ?’ ಅಂದೆ. ಟೀ ತರಿಸಿದ.”

ನನ್ನ ಓರಗಿತ್ತಿ ಒಳಗಿಂದಲೇ, “ಕುಡಿದು ಬಂದ್ರಾ?” ಎಂದಳು.

“ತರಿಸಿದ ಮೇಲೆ ಬಿಡೋಕಾಗುತ್ತೇನೇ.”

“ಸಾಲಿನವರಿಗೆ ಈ ವಿಷಯ ಹೇಳ್ತೀಯಾ?” ಎಂದು ನಾನು ಕೇಳಿದೆ.

ಅವನು ತಲೆ ಕೆರೆದುಕೊಂಡ. “ಹೇಳಿದ್ರೆ ಬರೆದೋನು ನಾನೇ ಅಂತಲೂ ಹೇಳಬೇಕಾಗುತ್ತಲ್ಲ ಅತ್ತಿಗೆ.”

ಹೇಳಲಿಲ್ಲ. ಸೇತುವೆ ಕೆಳಗಿನ ಅಂಗಡಿ ಅವನ ಮನಸ್ಸಿಗೆ ಬಂದಿರಲೂಬಹುದು ಎಂದು ನನಗೆ ಅನ್ನಿಸಿತು. ಅಂಗಡಿ ಎಂದಾಗ ಅವನ ದನಿ ಒಂದು ಕ್ಷಣ ನಿಂತಿತ್ತು. ಮನೆಯ ಮನುಷ್ಯನೇ ಆದರೂ ಅನುಮಾನ ಬಿಟ್ಟೀತೇ? ಆ ದಿನಗಳಲ್ಲಿ ನಮ್ಮ ಸಾಲಿನಲ್ಲಿ ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಲ್ಲೇ ನೋಡುತ್ತಿದ್ದರು. ಸೈಕಲ್ಲಿನವನ ಹತ್ತಿರ ಯಾರೋ ಹೊಸಬ ಗಾಳಿ ಹಾಕಿಸಲು ನಿಂತರೆ, ಇವನು ಸಂಘದವನಿರಬೇಕು ಎಂದು ಟೈಲರಮ್ಮ ಮಷೀನು ನಿಲ್ಲಿಸುತ್ತಿದ್ದಳು. ಅವಳ ಹತ್ತಿರ ಯಾರಾದರೂ ಅಳತೆ ಕೊಡಲು ನಿಂತರೆ, ಟೇಪು ಮೈ ಅಳೆಯುತ್ತಿದೆಯೋ ಜಾಗ ಅಳೆಯುತ್ತಿದೆಯೋ ಎಂದು ಸೈಕಲ್ಲಿನವನು ಕತ್ತು ಉದ್ದ ಮಾಡುತ್ತಿದ್ದ.

ಸಮಿತಿ ಬರುವ ದಿನ ನಾಲ್ಕು ರಸ್ತೆಯ ಬಳಿ ಶಾಮಿಯಾನ ಎದ್ದಿತು. ನಾನು ಟೈಲರಮ್ಮನ ಕಟ್ಟೆಯ ಮೇಲೆ ಹೋಗಿ ಕೂತೆ. ಅವಳು ಬೇಡ ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಮೈದುನ ತನ್ನ ಕದಕ್ಕೆ ಒರಗಿ ನಿಂತಿದ್ದ. ಬಸ್ಸುಗಳಲ್ಲಿ ಜನ ಬಂದಿಳಿದರು. ಒಗೆದ ಷರ್ಟು, ಬಾಚಿದ ತಲೆ. ಆದರೆ ಪಾದಗಳ ಬಿರುಕಿನಲ್ಲಿ ಸಿಮೆಂಟು. ಆಳುಗಳ ಪಾದ ಯಾವುದು, ಬಡಾವಣೆಯವರ ಪಾದ ಯಾವುದು ಎಂದು ಈ ರಸ್ತೆ ಬದಿಯಲ್ಲಿ ಕೂತು ಕೂತು ನನಗೆ ತಿಳಿಯುತ್ತದೆ. ಹಿಂದೆಯೇ ಬಂದ ಗಾಡಿಯ ಟಾರ್ಪಾಲು ಸರಿಯಿತು, ಒಬ್ಬೊಬ್ಬರ ಕೈಗೂ ಒಂದೊಂದು ಫಲಕ ಬಂತು. ಕಾರ್ಯದರ್ಶಿ ಒಂದು ಬದಿಗೆ ಕೈಕಟ್ಟಿ ನಿಂತಿದ್ದ, ತನಗೇನೂ ಸಂಬಂಧವಿಲ್ಲದವನಂತೆ.

ಸಮಿತಿಯ ದೊಡ್ಡವರು ಒಬ್ಬ ಹೆಂಗಸು. ಕನ್ನಡಕ, ಹತ್ತಿ ಸೀರೆ, ಬಿಸಿಲಿಗೆ ಕೈ ಅಡ್ಡ ಹಿಡಿದು ನಡೆದು ಬಂದರು. ಮೊದಲನೇ ಫಲಕದ ಮುಂದೆ ನಿಂತು ಓದಿದರು. ಮುಂದೆ ಹೋಗಿ ಎರಡನೆಯದನ್ನು ಓದಿದರು. ವಾಪಸು ಬಂದು ಮತ್ತೆ ಮೊದಲನೆಯದನ್ನು ಓದಿದರು.

“ನಿಮ್ಮದು ಯಾವ ಬಡಾವಣೆ?”

“ಕೆಳಗಿನ ಬಡಾವಣೆ ಮೇಡಂ.”

“ಇದನ್ನ ಯಾರು ಬರೆದದ್ದು?”

“ನಾವೇ ಮೇಡಂ. ನಮ್ಮ ತಂದೆ. ವಯಸ್ಸಾಗಿದೆ, ಕೈ ನಡುಗುತ್ತೆ.”

“ಏನು ಬರೆದಿದೆ, ಓದಿ.”

“ರಸ್ತೆ ಅಗಲ ಮಾಡಿ” ಎಂದ ಅವನು, ಫಲಕ ನೋಡದೆಯೇ.

“ಫಲಕ ನೋಡಿಕೊಂಡು ಓದಿ.”

ಅವನಿಗೆ ಓದಲು ಬಾರದು. ಪಕ್ಕದಲ್ಲಿದ್ದವನು ಬಗ್ಗಿ, ಅಕ್ಷರ ಕೂಡಿಸಿ ಕೂಡಿಸಿ, “ರಸ್ತೆ... ಹ... ಹಗಲ ಮಾಡಿ” ಎಂದ. ತನ್ನದನ್ನು ನೋಡಿಕೊಂಡ. “ಅಯ್ಯೋ, ನಂದೂ ಹಗಲ!”

“ನಂದೂ!” ಎಂದಳು ಹಿಂದಿನ ಹೆಂಗಸು. “ನಮ್ಮ ಮಗು ಬರೆದಿದ್ದು ಅಂತ ಹೇಳು ಅಂದಿದ್ರು, ಮಗೂನೂ ಹಗಲ ಅಂತಲೇ ಬರೆದಿದೆ!”

ಮೊದಲು ನಕ್ಕದ್ದು ಟೈಲರಮ್ಮ. “ರಸ್ತೆನ ಹಗಲು ಮಾಡ್ತಾರಂತೆ! ಇನ್ನು ನಮ್ಮೂರಲ್ಲಿ ಯಾರೂ ಮಲಗೋ ಹಾಗಿಲ್ಲ, ಅಂಗಡಿ ಮುಚ್ಚೋ ಹಾಗೂ ಇಲ್ಲ!”

“ನನಗೆ ಓವರ್‌ಟೈಮು!” ಎಂದ ಸೈಕಲ್ಲಿನವನು.

ನಗು ಶಾಮಿಯಾನದ ತುಂಬ ಹರಡಿತು. ಮೇಡಂ ಮಾತ್ರ ನಗಲಿಲ್ಲ. “ಬೇರೆ ಬೇರೆ ಬಡಾವಣೆ, ಬೇರೆ ಬೇರೆ ಕೈ. ಎಲ್ಲರಿಗೂ ಒಂದೇ ತಪ್ಪು?” ಎಂದು ಕಾರ್ಯದರ್ಶಿಯ ಕಡೆ ತಿರುಗಿದರು.

ಅವನು ಚುರುಕು, ಒಪ್ಪಬೇಕು. ಒಂದು ಹೆಜ್ಜೆ ಮುಂದೆ ಬಂದು ಕೈ ಜೋಡಿಸಿದ. “ನಮ್ಮ ಜನ ಹೆಚ್ಚು ಓದಿದವರಲ್ಲ ಮೇಡಂ. ಇಲ್ಲಿ ಯಾರ ಕೈಯಲ್ಲಿ ಬರೆಸಿದ್ರೂ ಹೀಗೇ ಬರೀತಾರೆ. ಮುಗ್ಧರು. ಅಕ್ಷರ ನೋಡಬೇಡಿ, ಅವರ ಕಷ್ಟ ನೋಡಿ.”

ಮೇಡಂ ತಲೆ ಆಡಿಸಿದರು. ಹಾಗಿರಲೂಬಹುದು ಎಂಬ ಹಾಗೆ. ಇಷ್ಟರಲ್ಲೇ ಮುಗಿಯಿತು, ಇನ್ನು ಬರುವುದು ಹಸಿರು ಸ್ಪಂಜು ಎಂದುಕೊಂಡೆ. ಕದದ ಕಡೆ ನೋಡಿದರೆ ಮೈದುನ ಅಲ್ಲಿಲ್ಲ.

ಅವನು ರಸ್ತೆ ದಾಟುತ್ತಿದ್ದ. ಒಂದು ಕೈಯಲ್ಲಿ ಬಿಳಿ ಬಣ್ಣದ ಡಬ್ಬ, ಇನ್ನೊಂದರಲ್ಲಿ ಸಣ್ಣ ಕುಂಚ. ಕಿವಿಯ ತುದಿಯವರೆಗೂ ಕೆಂಪಾಗಿದ್ದ. ಯಾರನ್ನೂ ನೋಡದೆ ನೇರವಾಗಿ ಮೊದಲನೇ ಫಲಕದ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ.

“ಸ್ವಲ್ಪ ಕೆಳಗೆ ಹಿಡಿಯಪ್ಪ. ಅಲ್ಲಾಡಿಸಬೇಡ.”

“ಯಾರ್ರೀ ನೀವು?” ಎಂದರು ಮೇಡಂ.

“ಒಂದು ನಿಮಿಷ ಮೇಡಂ, ತಿದ್ದಿಕೊಡ್ತೀನಿ. ನಮ್ಮ ಜನಕ್ಕೆ ಬರೆಯೋಕೆ ಬರಲ್ಲ ಅನ್ನಬೇಡಿ, ತಪ್ಪು ಅವರದ್ದಲ್ಲ. ಈ ಹ ನಂದು.” ಬಿಳಿ ಬಣ್ಣದಲ್ಲಿ ಹ ಮುಚ್ಚಿದ. “ಚೀಟಿ ಕೊಟ್ಟಿದ್ರೆ ಹೀಗಾಗ್ತಿರಲಿಲ್ಲ. ಬಾಯಲ್ಲಿ ಹೇಳಿದ್ರು.”

“ಎಲ್ಲಾ ಫಲಕ ನೀವೇ ಬರೆದದ್ದಾ?”

“ಎಲ್ಲಾ ನನ್ನವೇ. ಇದು ಎಡಗೈಯಲ್ಲಿ ಬರೆದದ್ದು” ಎಂದು ತೋರಿಸಿದ. ಅಷ್ಟು ನಾಚಿಕೆಯ ನಡುವೆಯೂ ಅವನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು ಎಂದರೆ ಸುಳ್ಳಲ್ಲ.

“ಯಾರು ಹೇಳಿ ಬರೆಸಿದ್ದು?”

ಅವನು ಕುಂಚ ಹಿಡಿದ ಕೈಯಲ್ಲೇ ಕಾರ್ಯದರ್ಶಿಯ ಕಡೆ ತೋರಿಸಿದ. ಕುಂಚದ ತುದಿಯಿಂದ ಬಿಳಿ ಹನಿ ಜಾರಿ ಕಾರ್ಯದರ್ಶಿಯ ಹೊಳೆಯುವ ಬೂಟಿನ ಮೇಲೆ ಬಿತ್ತು.

ಮೇಡಂ ಫಲಕ ಹಿಡಿದವರನ್ನೆಲ್ಲ ಬಿಟ್ಟು ನಮ್ಮ ಸಾಲಿನ ಕಡೆ ಬಂದರು. ಕೆಂಪು ಬಾಣಗಳನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. “ರಸ್ತೆ ಅಗಲ ಆಗೋದು ನಿಮಗೆ ಬೇಕಾ ಅಂತ ನಿಮ್ಮನ್ನ ಯಾರಾದ್ರೂ ಕೇಳಿದ್ರಾ?” ಎಂದರು.

“ಗೋಡೆನ ಕೇಳಿದ್ದಾರೆ, ನೋಡಿ” ಎಂದಳು ಟೈಲರಮ್ಮ, ತನ್ನ ಕಟ್ಟೆಯ ಬಾಣ ತೋರಿಸಿ. “ನಮ್ಮನ್ನ ಕೇಳಿಲ್ಲ.”

ರಸ್ತೆ ಇಕ್ಕಟ್ಟಿರುವುದು ಸುಳ್ಳಲ್ಲ. ಆಂಬುಲೆನ್ಸು ಇಲ್ಲಿ ನಿಂತು ಕೂಗಿಕೊಳ್ಳುವುದನ್ನು ನಾನೇ ಕೇಳಿದ್ದೇನೆ. ಸೈಕಲ್ಲಿನವನೂ ಮೇಡಂಗೆ ಅದನ್ನೇ ಹೇಳಿದ. ಬೇಡ ಅನ್ನಲ್ಲ, ಆದರೆ ಎದುರು ಬದಿಯಲ್ಲಿ ಖಾಲಿ ಬಿದ್ದಿರುವ ಉದ್ದನೆಯ ಕಾಂಪೌಂಡು ಇದೆಯಲ್ಲ, ಬಾಣ ಅದರ ಮೇಲೆ ಯಾಕಿಲ್ಲ ಎಂದು ಕೇಳಿದ. ಆ ಕಾಂಪೌಂಡು ಯಾರದ್ದೆಂದು ಮೇಡಂ ಕೇಳಿದರು. ಎಲ್ಲರೂ ಕಾರ್ಯದರ್ಶಿಯನ್ನೇ ನೋಡಿದರು. ಅವನು ಫೋನ್ ಕಿವಿಗಿಟ್ಟುಕೊಂಡು ಕಾರಿನ ಕಡೆ ನಡೆದಿದ್ದ. ಫೋನ್ ಬಂದಿತ್ತೋ ಇಲ್ಲವೋ.

ಈ ಸಲದ ಅನುದಾನ ನಮ್ಮ ಊರಿಗೆ ಬರಲಿಲ್ಲ. ಜನರ ಅಭಿಪ್ರಾಯವನ್ನು ಮತ್ತೊಮ್ಮೆ, ಸರಿಯಾಗಿ ಕೇಳಬೇಕು ಎಂದು ಸಮಿತಿಯವರು ಬರೆದು ಹೋದರಂತೆ. ಸಾಲು ನಿಂತಿದೆ. ಬಾಣಗಳೂ ಗೋಡೆಯ ಮೇಲೇ ಇವೆ, ಅಳಿಸಲು ಯಾರೂ ಬಂದಿಲ್ಲ. ಸಂಘದವರೂ ಸುಮ್ಮನೆ ಕೂತಿಲ್ಲ. ಈಗ ನಾಲ್ಕು ರಸ್ತೆಯಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದಾರೆ: ‘ರಸ್ತೆ ಅಗಲ ಮಾಡಿ. ಇಂತಿ, ನಾಗರಿಕರು.’ ಅಚ್ಚುಕಟ್ಟಾದ ಅ. ಆ ನಾಗರಿಕರು ಯಾರೆಂದು ಮಾತ್ರ ಕೆಳಗೆ ಬರೆದಿಲ್ಲ. ದಿನಾ ಅದರ ಕೆಳಗೆ ಹಾದು ಹೋಗುವಾಗ ಮೈದುನ ಒಮ್ಮೆ ತಲೆ ಎತ್ತಿ ನೋಡುತ್ತಾನೆ. “ನೆರಳು ಕೊಟ್ಟಿಲ್ಲ ಅಕ್ಷರಕ್ಕೆ, ಸಪ್ಪೆ” ಎನ್ನುತ್ತಾನೆ.

ಬೋರ್ಡಣ್ಣ ಎಂಬ ಹೆಸರು ಹೋಗಿ ಈಗ ಹಗಲಣ್ಣ ಆಗಿದ್ದಾನೆ. ಟೈಲರಮ್ಮನ ಬಾಯಲ್ಲಿ ಅದೂ ‘ಅಗಲಣ್ಣ’ ಎಂದೇ ಬರುತ್ತದೆ. ಸಮಿತಿ ಬಂದ ದಿನದ ಸಂಜೆಯೇ ಅವಳು ಬಂದು ಹರಿದ ಷರ್ಟು ಎಲ್ಲಿ ಎಂದು ಕೇಳಿ ಕೊಂಡುಹೋದಳು. ಹೊಲಿದು ತಂದುಕೊಡುವಾಗ ಬಾಗಿಲಲ್ಲೇ ನಿಂತು ಕೇಳಿದಳು:

“ನಿಜ ಹೇಳಣ್ಣ, ಬೇಕಂತಲೇ ಹಗಲ ಅಂತ ಬರೆದ್ಯಾ?”

“ನಾಲ್ಕು ಜನ ನಗೋ ಹಾಗೆ ಯಾವನಾದ್ರೂ ಬೇಕಂತ ತಪ್ಪು ಬರೀತಾನೇನಮ್ಮ? ನನಗೂ ಮರ್ಯಾದೆ ಇದೆ.”

ಅದನ್ನು ನಾನು ನಂಬುತ್ತೇನೆ. ಬರೆಯುವಾಗ ಅವನಿಗೆ ಅನುಮಾನ ಬಂದಿದೆ, ಹ ಹಾಕಿದ್ದಾನೆ, ಅಷ್ಟೇ. ನನ್ನ ಅನುಮಾನ ಬೇರೆ. ಅವನ ಬಿಳಿ ಬಣ್ಣದ ಡಬ್ಬದ ಮುಚ್ಚಳ ತೆಗೆಯುವುದು ಸುಲಭವಲ್ಲ. ಸುತ್ತಿಗೆ ತಗೊಂಡು, ಉಳಿ ಕೊಟ್ಟು, ಸುತ್ತಲೂ ಬಡಿದು ಎಬ್ಬಿಸಬೇಕು. ಮೇಲೆ ಗಟ್ಟಿಯಾದ ಕೆನೆ ತೆಗೆದು ಕದಡಬೇಕು. ಸಮಿತಿ ಬಂದ ದಿನ ಬೆಳಿಗ್ಗೆ, ಬಸ್ಸುಗಳು ಬರುವ ಮೊದಲೇ, ಆ ಬಡಿತದ ಸದ್ದು ಹಿಂಬಾಗಿಲಿನಿಂದ ನನಗೆ ಕೇಳಿಸಿತ್ತು. ಬರೆದದ್ದು ತಪ್ಪೆಂದು ಅವನಿಗೆ ಯಾವಾಗಲೋ ಹೊಳೆದಿತ್ತು. ಮನಸ್ಸು ಮಾಡಿದ್ದರೆ ಫಲಕದ ಗಾಡಿ ಬಂದಾಗಲೇ ಹೋಗಿ ಸದ್ದಿಲ್ಲದೆ ತಿದ್ದಿ ಬರಬಹುದಿತ್ತು. ಡಬ್ಬ ತೆರೆದಿಟ್ಟುಕೊಂಡು, ಮೇಡಂ ಓದಿ ಮುಗಿಸುವವರೆಗೆ ಕದಕ್ಕೆ ಒರಗಿ ನಿಂತಿದ್ದ.

ನಿನ್ನೆ ಸಂಜೆ ಕೇಳಿಯೇಬಿಟ್ಟೆ.

“ಅವತ್ತು ಬೆಳಿಗ್ಗೇನೇ ಬಿಳಿ ಡಬ್ಬ ಯಾಕೋ ತೆಗೆದಿಟ್ಟುಕೊಂಡಿದ್ದೆ?”

ಅವನು ಅಂಗ‌ಳದಲ್ಲಿ ಕೂತು ಕುಂಚ ತೊಳೆಯುತ್ತಿದ್ದ. ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಬಟ್ಟೆಯಲ್ಲಿ ಹಿಂಡಿ, ಮತ್ತೆ ಅದ್ದಿದ.

“ನಿಮಗೆ ಹಾಲಲ್ಲೂ ಕಪ್ಪೇ ಕಾಣುತ್ತೆ ಅತ್ತಿಗೆ” ಎಂದ. ನಗಲಿಲ್ಲ, ಮುಖವನ್ನೂ ಎತ್ತಲಿಲ್ಲ.

ಅಷ್ಟರಲ್ಲಿ ಓರಗಿತ್ತಿ ಒಳಗಿನಿಂದ ಬಂದು, “ಅಯ್ಯೋ, ಅದು ಪಾತ್ರೆ ಒರೆಸೋ ಬಟ್ಟೆ!” ಎಂದು ಅವನ ಕೈಯಿಂದ ಕಿತ್ತುಕೊಂಡು ಬೇರೆ ಚಿಂದಿ ಎಸೆದಳು. ಅವನು ಕುಂಚದ ಕೂದಲನ್ನು ಬೆರಳಿನಲ್ಲಿ ಬಿಡಿಸಿ, ಸೋಪು ಹಚ್ಚಿ ನೊರೆ ಬರಿಸಿ, ನಲ್ಲಿಯ ಕೆಳಗೆ ಹಿಡಿದ. ಮೊದಲು ಬಿಳಿ ನೀರು ಹರಿಯಿತು, ಆಮೇಲೆ ತಿಳಿಯಾಯಿತು. ತುದಿಯನ್ನು ಚೂಪು ಮಾಡಿ, ಕೂದಲು ಮೇಲಾಗಿ ಲೋಟದಲ್ಲಿ ನಿಲ್ಲಿಸಿ, ಇನ್ನೊಂದನ್ನು ಎತ್ತಿಕೊಂಡ.